ಕತ್ತರಿ ಹಾಕುವ ಮೊದಲು ಅರಿಶಿನ

ದೆಹಲಿಗೆ ಬಂದ ಮೂರನೆಯ ದಿನ ಮುನಿರ್ಕಾದ ಔಷಧಿ ಅಂಗಡಿಯೊಂದರಲ್ಲಿ ನಾನು ಆನೆ ಕೇಳಿದೆ.

ಕೇಳಬೇಕೆಂದಿದ್ದದ್ದು ಹತ್ತಿ. ಬಾಡಿಗೆ ಕೋಣೆಯ ಕಬ್ಬಿಣದ ಬಾಗಿಲಿಗೆ ಹೆಬ್ಬೆರಳು ಸಿಕ್ಕಿ ರಕ್ತ ಸೋರುತ್ತಿತ್ತು. ಶಾಲೆಯಲ್ಲಿ ಕಲಿತ ಹಿಂದಿ ಸರಿಯಾದ ಹೊತ್ತಿಗೆ ಕೈಕೊಟ್ಟಿತು. ನಮ್ಮ ಪದವನ್ನೇ ಸ್ವಲ್ಪ ಎಳೆದರೆ ಹಿಂದಿಯಾದೀತು ಎಂಬ ಧೈರ್ಯದಲ್ಲಿ "ಭಯ್ಯಾ, ಹಾತಿ ಹೈ?" ಎಂದೆ. ಅಂಗಡಿಯವನು ನನ್ನ ಬೆರಳನ್ನೂ ಮುಖವನ್ನೂ ಒಮ್ಮೆ ನೋಡಿ, ಬಹಳ ಗಂಭೀರವಾಗಿ, "ಹಾಥಿ ತೋ ಚಿಡಿಯಾಘರ್ ಮೇಂ ಮಿಲೇಗಾ, ಮೇಡಂ" ಎಂದ. ಆನೆ ಬೇಕಾದರೆ ಮೃಗಾಲಯಕ್ಕೆ ಹೋಗಿ ಎಂದರ್ಥ.

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ತಿರುಗಿ ನೋಡಿದರೆ ಕೈಯಲ್ಲಿ ತರಕಾರಿ ಚೀಲ ಹಿಡಿದ, ನಲವತ್ತು ದಾಟಿದ ಹೆಂಗಸು. "ರೂಯಿ ಅನ್ಬೇಕಮ್ಮ, ರೂಯಿ. ನಾನೂ ಬಂದ ಹೊಸದರಲ್ಲಿ ಹೀಗೇ ಕೇಳಿದ್ದೆ" ಎಂದರು, ಅಚ್ಚ ಹಾಸನದ ಕನ್ನಡದಲ್ಲಿ. ರಕ್ತ ಸೋರುವ ಬೆರಳು ಹಿಡಿದುಕೊಂಡು ನಾನು ಆ ಅಂಗಡಿಯ ಮುಂದೆ ಅತ್ತುಬಿಟ್ಟೆ. ನೋವಿಗಲ್ಲ, ಕನ್ನಡ ಕೇಳಿದ್ದಕ್ಕೆ.

ಅವರೇ ವನಜಕ್ಕ. ಗಂಡ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಹತ್ತಿರದ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಎರಡನೇ ಮಹಡಿಯಲ್ಲಿ ಮನೆ. ಅವತ್ತು ಬೆರಳಿಗೆ ಪಟ್ಟಿ ಕಟ್ಟಿಸಿ ಮನೆಗೆ ಕರೆದುಕೊಂಡು ಹೋಗಿ ಹುಳಿಯನ್ನ ಬಡಿಸಿದರು. ಆಮೇಲೆ ನನ್ನ ಭಾನುವಾರಗಳೆಲ್ಲ ಅವರವಾದವು.

ನಾಚಿಕೆಯ ವಿಷಯವೆಂದರೆ, ನಾನು ದೆಹಲಿಗೆ ಬಂದದ್ದೇ ಹತ್ತಿಯ ಕೆಲಸಕ್ಕೆ. ಹುಟ್ಟಿದ್ದು ದಾವಣಗೆರೆಯಲ್ಲಿ. ಅಪ್ಪ ಮೊದಲು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ, ಆಮೇಲೆ ನೂಲಿನ ಗಿರಣಿಯಲ್ಲಿ ದುಡಿದವರು. ಅವರ ತಲೆಗೂದಲಿನಿಂದ ಹತ್ತಿಯ ಧೂಳು ಉದುರುವುದನ್ನು ನೋಡುತ್ತಲೇ ನಾನು ಬೆಳೆದೆ. ಅಂಥವಳಿಗೆ ಹತ್ತಿಯ ಹಿಂದಿ ಹೆಸರು ಗೊತ್ತಿರಲಿಲ್ಲ.

ಕೆಲಸವೇನೆಂದು ಹೇಳುತ್ತೇನೆ. ಹತ್ತಿಯ ಬೀಜದಿಂದ ಉದ್ದದ ಎಳೆಗಳನ್ನೆಲ್ಲ ತೆಗೆದ ಮೇಲೂ ಒಂದು ಗಿಡ್ಡ ನಾರು ಅದಕ್ಕೆ ತುಪ್ಪಳದಂತೆ ಅಂಟಿಕೊಂಡೇ ಇರುತ್ತದೆ. ಅದನ್ನು ನೂಲಲು ಬರುವುದಿಲ್ಲ. ಆದರೆ ಅದು ಬಹುಪಾಲು ಅಪ್ಪಟ ಸೆಲ್ಯುಲೋಸ್, ಅಂದರೆ ಗಿಡಮರಗಳ ಮೈಕಟ್ಟಿನ ಮೂಲವಸ್ತು. ಅದನ್ನು ದ್ರಾವಕದಲ್ಲಿ ಕರಗಿಸಿ ಜೇನುತುಪ್ಪದಷ್ಟು ಮಂದವಾದ ಪಾಕ ಮಾಡಿ, ಆ ಪಾಕಕ್ಕೇ ಬೇವಿನ ಸಾರ ಬೆರೆಸಿ, ಕೂದಲಿಗಿಂತ ಸಣ್ಣ ತೂತುಗಳಿರುವ ತಟ್ಟೆಯ ಮೂಲಕ ನೀರಿನೊಳಕ್ಕೆ ಒತ್ತಬೇಕು. ಶಾವಿಗೆ ಒರಳು ಕಂಡವರಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ನೀರು ತಾಗಿದ ಕೂಡಲೇ ಪಾಕ ಗಟ್ಟಿಯಾಗಿ ಎಳೆಯಾಗುತ್ತದೆ. ಬೇವು ಬಟ್ಟೆಯ ಮೇಲೆ ಬಳಿದದ್ದಲ್ಲ, ಎಳೆಯೊಳಗೇ ಕೂತದ್ದು. ಹಾಗಾಗಿ ಎಷ್ಟು ಒಗೆದರೂ ಹೋಗಬಾರದು, ರೋಗಾಣುಗಳು ಆ ಬಟ್ಟೆಯ ಮೇಲೆ ಬೆಳೆಯಬಾರದು. ಆಸ್ಪತ್ರೆಯ ಹಾಸಿಗೆಗೆ, ಗಾಯದ ಪಟ್ಟಿಗೆ, ಬಾಣಂತಿಯ ಕೋಣೆಗೆ ಇಂಥ ಬಟ್ಟೆ ಬೇಕು. ಇದು ನಮ್ಮ ಪ್ರಯೋಗಾಲಯದ ಕನಸು, ಅದರಲ್ಲಿ ನನ್ನದು ಎರಡು ವರ್ಷದ ಶಿಷ್ಯವೇತನದ ಪಾಲು. ಎರಡು ವರ್ಷದ ಕೊನೆಗೆ ಪರಿಶೀಲನೆ. ಇಪ್ಪತ್ತು ಸಲ ಒಗೆದ ಮೇಲೂ ಬಟ್ಟೆ ಕೆಲಸ ಮಾಡಿದರೆ ಶಿಷ್ಯವೇತನ ಮುಂದುವರಿಯುತ್ತದೆ. ಇಲ್ಲವಾದರೆ ಗಂಟುಮೂಟೆ ಕಟ್ಟಿಕೊಂಡು ದಾವಣಗೆರೆಗೆ.

ಎಸ್‌ಟಿಡಿ ಬೂತಿನಿಂದ ಇದನ್ನೆಲ್ಲ ವಿವರಿಸಿದಾಗ ಅಪ್ಪ ನಂಬಲಿಲ್ಲ. "ಬೀಜದ ಮ್ಯಾಲಿನ ಆ ಜುಂಗಿನಾಗೆ ಬಟ್ಟೆ ಮಾಡ್ತೀಯಾ? ಅದನ್ನ ನಾವು ಪೊರಕೆ ತಗಂಡು ಗುಡಿಸಿ ಹಾಕ್ತಿದ್ವಲ್ಲವ್ವ!" ಎಂದು ನಕ್ಕರು. ಆದರೆ ಗಿರಣಿ ಮುಚ್ಚಿದ ಮೇಲೆ ಅಪ್ಪ ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

ಮುನಿರ್ಕಾ ಹೆಸರಿಗೆ ಹಳ್ಳಿ. ಸುತ್ತ ದೊಡ್ಡ ನಗರ ಬೆಳೆದು, ಹಳ್ಳಿ ನಡುವೆ ಸಿಕ್ಕಿಕೊಂಡು, ಅಗಲವಾಗಲು ಜಾಗವಿಲ್ಲದೆ ಮೇಲಕ್ಕೆ ಬೆಳೆದಿದೆ. ನನ್ನ ಕಿಟಕಿಯಿಂದ ಕೈ ಚಾಚಿದರೆ ಎದುರು ಮನೆಯವರ ಕಿಟಕಿಯ ಸರಳು ಸಿಗುತ್ತಿತ್ತು. ದಾವಣಗೆರೆಯಲ್ಲಿ ನಮ್ಮ ಗಿರಣಿ ಲೈನಿನ ಮನೆ ಎರಡೇ ಕೋಣೆಯದಾದರೂ ಮುಂದೆ ರಂಗೋಲಿ ಹಾಕಲು ನೆಲವಿತ್ತು. ಇಲ್ಲಿ ರಂಗೋಲಿ ಹಾಕಬೇಕೆಂದರೆ ಮೆಟ್ಟಿಲ ಮೇಲೆ ಹಾಕಬೇಕು. ಮಾಲೀಕರ ಮನೆಯ ಮಾತಾಜಿ ನನ್ನನ್ನು ಮೊದಲ ತಿಂಗಳು "ಮದ್ರಾಸನ್" ಎಂದೇ ಕರೆದರು. ನಾನು ಕರ್ನಾಟಕ ಎಂದೆ. "ಹಾಂ ಹಾಂ, ವಹೀ" ಎಂದರು, ಎಲ್ಲ ಒಂದೇ ಎನ್ನುವ ಹಾಗೆ. ಆದರೆ ಡಿಸೆಂಬರಿನಲ್ಲಿ ನಾನು ಎರಡು ಹತ್ತಿ ಸೀರೆ ಹೊದ್ದು ನಡುಗುತ್ತಿದ್ದುದನ್ನು ನೋಡಿ, ಕೇಳದೆಯೇ ಒಂದು ರಜಾಯಿ ತಂದು ಮೈಮೇಲೆ ಹಾಕಿದವರೂ ಅವರೇ. ರಜಾಯಿ ಎಂದರೆ ಹತ್ತಿ ತುಂಬಿದ ದಪ್ಪನೆಯ ಹೊದಿಕೆ. ಹತ್ತಿಯ ಊರಿನವಳಾದ ನಾನು ಹತ್ತಿಯೊಳಗೆ ಮಲಗಿದ್ದು ಅದೇ ಮೊದಲು.

ಹಿಂದಿಯ ಜೊತೆಗಿನ ಜಗಳ ಮಾತ್ರ ಮುಗಿಯಲಿಲ್ಲ. ಕನ್ನಡದಲ್ಲಿ "ನಾನು ಬಂದೆ" ಎಂದರೆ ಮುಗಿಯಿತು, ಗಂಡೋ ಹೆಣ್ಣೋ ಯಾರೂ ಕೇಳುವುದಿಲ್ಲ. ಇಲ್ಲಿ ಬಂದವಳು ಹೆಣ್ಣೆಂದು ಕ್ರಿಯಾಪದಕ್ಕೂ ತಿಳಿಸಬೇಕು. ನಾನು ಆರು ತಿಂಗಳು "ಮೈಂ ಆಯಾ" ಎನ್ನುತ್ತಾ ಗಂಡಸಾಗಿಯೇ ಓಡಾಡಿದೆ. ಪ್ರಯೋಗಾಲಯದಲ್ಲಿ ನನ್ನ ಪಕ್ಕದ ಮೇಜಿನ ಪೂಜಾ, ಕರ್ನಾಲ್ ಕಡೆಯ ಹುಡುಗಿ, "ಆಯಿಯೇ ಭಾಯಿಸಾಹಬ್" ಎಂದು ಸ್ವಾಗತಿಸುತ್ತಿದ್ದಳು. ನಾನು ಅವಳಿಗೆ ಮಂಡಕ್ಕಿ ಮೆಣಸಿನಕಾಯಿಯ ರುಚಿ ಹತ್ತಿಸಿ ಸೇಡು ತೀರಿಸಿಕೊಂಡೆ.

ಎರಡನೆಯ ವರ್ಷದ ಕೊನೆಗೆ ಎಳೆ ಸಿದ್ಧವಾಯಿತು, ನೂಲಾಯಿತು, ಬಟ್ಟೆಯೂ ಆಯಿತು. ಟವೆಲ್ಲಿನಷ್ಟು ಅಗಲದ ತುಂಡುಗಳು. ಬೇವು ಸೇರಿದ್ದು ನಸುಹಳದಿ ಛಾಯೆಯದು. ಹೋಲಿಸಿ ನೋಡಲು ಬೇವಿಲ್ಲದೆ ನೇಯಿಸಿದ ಸಾದಾ ತುಂಡುಗಳೂ ಇದ್ದವು. ನನ್ನ ಮಾರ್ಗದರ್ಶಕರಾದ ಭಟ್ನಾಗರ್ ಸರ್ ಒಂದು ಷರತ್ತು ಹಾಕಿದರು. "ನಮ್ಮ ಯಂತ್ರ ಮಗುವಿಗೆ ಸ್ನಾನ ಮಾಡಿಸುವ ಹಾಗೆ ಒಗೆಯುತ್ತದೆ. ಮನೆಯಲ್ಲಿ ಹೆಂಗಸರು ಒಗೆಯುವ ಹಾಗೆ ಒಗೆಸಿಕೊಂಡು ಬಾ" ಎಂದರು. ಮುನಿರ್ಕಾದಲ್ಲಿ ನಲ್ಲಿ ನೀರು ದಿನಕ್ಕೆ ಒಂದು ಗಂಟೆ. ಹಾಗಾಗಿ ತುಂಡುಗಳನ್ನು ವನಜಕ್ಕನಿಗೆ ಕೊಟ್ಟೆ. ಅವರು ಸೋಪು ಹಚ್ಚಿ, ಬಾಲ್ಕನಿಯ ನೆಲಕ್ಕೆ ಬಡಿದು, ಹಿಂಡಿ, ಬಿಸಿಲಿಗೆ ಹಾಕಿ, ಒಂದೊಂದು ಸಲಕ್ಕೂ ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆದರು. ಇಪ್ಪತ್ತು ಗೀಟು ಬೀಳಲು ಒಂದು ತಿಂಗಳಾಯಿತು.

"ಇನ್ನೇನು ಮಾಡ್ತೀಯ ಇದನ್ನ?" ಎಂದು ಕೇಳಿದರು, ಮಡಿಸಿ ಕೊಡುವ ದಿನ.

"ಕತ್ತರಿಸ್ತೀನಿ ಅಕ್ಕ. ನಾಣ್ಯದಷ್ಟಗಲ ಕತ್ತರಿಸಿ ಪರೀಕ್ಷೆಗೆ ಇಡ್ತೀನಿ."

"ಒಂದ್ನಿಮಿಷ ಇರು" ಎಂದು ಬಟ್ಟೆಯೊಂದಿಗೇ ಒಳಗೆ ಹೋದರು, ಬಂದರು, ಪೊಟ್ಟಣ ಕೈಗಿಟ್ಟರು. ನಾನು ಬಸ್ಸಿನ ಚಿಂತೆಯಲ್ಲಿದ್ದೆ, ಬಿಚ್ಚಿ ನೋಡಲಿಲ್ಲ.

ಪರೀಕ್ಷೆ ಹೀಗೆ: ಗಾಜಿನ ಬಟ್ಟಲಲ್ಲಿ ಪಾರದರ್ಶಕ ಜೆಲ್ಲಿ, ಅದರ ಮೇಲೆ ಬ್ಯಾಕ್ಟೀರಿಯಾ ಸವರಿ, ನಡುವೆ ಬಟ್ಟೆಯ ಬಿಲ್ಲೆ ಇಡುವುದು. ಮಾರನೆಯ ದಿನಕ್ಕೆ ಬಟ್ಟಲಿಡೀ ಬ್ಯಾಕ್ಟೀರಿಯಾ ಬೆಳೆದು ಮಬ್ಬಾಗುತ್ತದೆ. ಬಟ್ಟೆಯಲ್ಲಿ ಶಕ್ತಿ ಉಳಿದಿದ್ದರೆ ಅದರ ಸುತ್ತ ಮಾತ್ರ ತಿಳಿಯಾದ ಒಂದು ಉಂಗುರ ಕಾಣುತ್ತದೆ. ಬಟ್ಟೆಯ ನಡುಭಾಗ ಹಾಳಾಗದಿರಲೆಂದು ನಾನು ಮೂಲೆಗಳಿಂದಲೇ ಬಿಲ್ಲೆ ಕತ್ತರಿಸಿದೆ. ಮಾರನೆಯ ದಿನ ನೋಡಿದರೆ ಉಂಗುರ! ಒಗೆಯುವ ಮೊದಲು ಇದ್ದದ್ದಕ್ಕಿಂತಲೂ ದೊಡ್ಡದು. ಒಗೆದಷ್ಟೂ ಶಕ್ತಿ ಹೆಚ್ಚುವುದು ಹೇಗೆ ಎಂದು ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ನಾನು ಕುಣಿಯುತ್ತಿದ್ದೆ. ಬೂತಿಗೆ ಓಡಿ ಅಪ್ಪನಿಗೆ ಹೇಳಿದೆ. ಅವರು ಸಂಜೆಯೊಳಗೆ ಗಿರಣಿಯ ಹಳೆಯ ಗೆಳೆಯರಿಗೆಲ್ಲ ಹೇಳಿ ಮುಗಿಸಿದರು.

ಮರುದಿನ ಸಾದಾ ಬಟ್ಟೆಯ ಬಟ್ಟಲು ತೆರೆದೆ. ಅದರ ಸುತ್ತಲೂ ಉಂಗುರ.

ಭಟ್ನಾಗರ್ ಸರ್ ಬಟ್ಟಲನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಸಿಟ್ಟಾಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು. "ಸಾದಾ ಬಟ್ಟೆಯೇ ರೋಗಾಣು ಕೊಲ್ಲುವುದಾದರೆ, ಬೇಟಿ, ನೀನು ಎರಡು ವರ್ಷ ಇಲ್ಲಿ ಏನು ಮಾಡಿದೆ?" ಎಂದರು. ಪರಿಶೀಲನೆಗೆ ಹತ್ತು ದಿನ ಉಳಿದಿತ್ತು.

ಮೊದಲು ದಿಲ್ಲಿ ನೀರನ್ನು ದೂರಿದೆ. ಕೂದಲುದುರಿದರೂ ಅನ್ನ ಹಳಸಿದರೂ ದಿಲ್ಲಿ ನೀರನ್ನು ದೂರುವುದು ಇಲ್ಲಿನ ಕನ್ನಡಿಗರ ಹಳೆಯ ಚಟ. ನೀರಿನಲ್ಲಿ ಏನೂ ಇರಲಿಲ್ಲ. ಸೋಪಿನಲ್ಲೂ ಇರಲಿಲ್ಲ. ಪೂಜಾ ಪಿಸುಮಾತಿನಲ್ಲಿ, "ಸಾದಾವಾಲಾ ಅಭೀ ಮತ್ ದಿಖಾ. ಬೇವಿನದನ್ನು ಮಾತ್ರ ತೋರಿಸು, ಇದನ್ನು ಆಮೇಲೆ ನಿಧಾನಕ್ಕೆ ನೋಡೋಣ" ಎಂದಳು. ಅವಳದು ನನ್ನ ಮೇಲಿನ ಪ್ರೀತಿ. ನನಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಎರಡು ವರ್ಷದಲ್ಲಿ ಆ ಊರು ನನಗೆ ಅಂಟಿಕೊಂಡಿತ್ತು. ಚಳಿಗಾಲದ ಕಡಲೆಕಾಯಿ ಗಾಡಿ, ಮಾತಾಜಿಯ ಮೂಲಂಗಿ ಪರಾಠ, ವನಜಕ್ಕನ ಭಾನುವಾರ. ಇವನ್ನೆಲ್ಲ ಬಿಟ್ಟು ಹೋಗಲು ಮನಸ್ಸಿರಲಿಲ್ಲ.

ಸಾದಾ ಬಟ್ಟೆಯ ಉಳಿದ ತುಂಡನ್ನು ಮೇಜಿನ ಮೇಲೆ ಹಾಸಿಕೊಂಡು ಕೂತಿದ್ದೆ. ಇನ್ನೂ ಕತ್ತರಿಸದ ಒಂದು ಮೂಲೆಯಲ್ಲಿ ಕಂಡೂ ಕಾಣದಷ್ಟು ತೆಳುವಾದ ಹಳದಿ. ಬೇವಿನ ಬಟ್ಟೆಯಲ್ಲಾದರೆ ಅದು ಕಾಣುವಂತೆಯೇ ಇರಲಿಲ್ಲ. ಏನಿದು ಎಂದು ಅದರ ಮೇಲೆ ಒಂದು ತೊಟ್ಟು ಕ್ಷಾರದ ದ್ರಾವಣ ಬಿಟ್ಟೆ. ಹಳದಿ ಕಣ್ಣೆದುರೇ ಕೆಂಪಗಾಯಿತು.

ಆ ಕೆಂಪನ್ನು ನಾನು ಯಾವ ಪುಸ್ತಕದಲ್ಲೂ ಹುಡುಕಬೇಕಾಗಿರಲಿಲ್ಲ. ಅವ್ವ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಆರತಿಗೆ ಓಕುಳಿ ಮಾಡುತ್ತಿದ್ದಳಲ್ಲ, ಅದೇ ಕೆಂಪು. ನಾನು ರೈಲು ಹತ್ತುವ ದಿನ ಅದನ್ನೇ ನನ್ನ ಮುಖಕ್ಕೆ ಇಳಿ ತೆಗೆದು ಬಾಗಿಲಾಚೆ ಚೆಲ್ಲಿದ್ದಳು. ನಾನು ಬಾಯಿ ಮುಚ್ಚಿಕೊಂಡು ನಕ್ಕೆ, ಆಮೇಲೆ ನಗು ನಿಂತುಹೋಯಿತು. ಹೊಸ ಬಟ್ಟೆಗೆ ಮೂಲೆಯಲ್ಲಿ ಅರಿಶಿನ ತಾಗಿಸದೆ ಕತ್ತರಿ ಹಾಕಬಾರದು. ನಮ್ಮ ಮನೆಗಳಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ, ಕೈಗೇ ಗೊತ್ತಿರುತ್ತದೆ. ಅರಿಶಿನಕ್ಕೂ ರೋಗಾಣುಗಳನ್ನು ತಡೆಯುವ ಗುಣವಿದೆ. ನಾನು ಬಿಲ್ಲೆ ಕತ್ತರಿಸಿದ್ದು ಮೂಲೆಗಳಿಂದಲೇ.

ಆ ಸಂಜೆ ವನಜಕ್ಕನ ಮನೆಗೆ ಹೋದೆ.

"ಅಕ್ಕ, ಅವತ್ತು ಬಟ್ಟೆಗೆ ಅರಿಶಿನ ಹಚ್ಚಿದ್ರಾ?"

"ಮತ್ತೆ? ಬರೀ ಬಟ್ಟೆಗೆ ಕತ್ತರಿ ಹಾಕ್ತಾರೇನೇ? ನಾಲ್ಕೂ ಮೂಲೆಗೆ ಒದ್ದೆ ಅರಿಶಿನ ಒತ್ತಿ, ಒಣಗಲಿ ಅಂತ ಒರೆಸಿದೆ. ನಿನ್ನ ಮೊದಲನೇ ಬಟ್ಟೆ, ಒಳ್ಳೇದಾಗ್ಲಿ ಅಂತ." ನನ್ನ ಮುಖ ನೋಡಿ ಅವರ ಧ್ವನಿ ಇಳಿಯಿತು. "ಯಾಕೆ? ಏನಾಯ್ತು?"

ಹೇಳಿದೆ. ಅವರು ಅಡುಗೆಮನೆಯ ಬಾಗಿಲಿಗೆ ಒರಗಿ ಹಾಗೇ ಕೆಳಗೆ ಕೂತರು. "ಒಳ್ಳೇದಾಗ್ಲಿ ಅಂತ ಮಾಡಿದ್ದು ಕಣೇ. ನಾನೇ ನಿನ್ನ ಅನ್ನಕ್ಕೆ ಕಲ್ಲು ಹಾಕಿದ್ನಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಇನ್ನು ಆ ಬಟ್ಟೆಯನ್ನು ಮುಟ್ಟುವುದಿಲ್ಲ, ಬೇರೆ ಯಾರಿಗಾದರೂ ಕೊಡು ಎಂದರು. ನನ್ನ ಶಿಷ್ಯವೇತನ ಹೋದರೆ ಹೋಗಲಿ, ಅವರ ಈ ಅಳುಮುಖ ನೋಡಲಾಗುವುದಿಲ್ಲ ಎನ್ನಿಸಿತು ನನಗೆ. ಪಕ್ಕದಲ್ಲೇ ನೆಲದ ಮೇಲೆ ಕೂತೆ.

"ಅಕ್ಕ, ನೀವು ಹಚ್ಚದೇ ಇದ್ದಿದ್ರೆ ನಾನೇ ಹಚ್ಚಿರ್ತಿದ್ದೆನೋ ಏನೋ. ನನ್ನ ಹತ್ರ ಇನ್ನೂ ಒಂದು ಜೊತೆ ಬಟ್ಟೆ ಇದೆ. ಏಳು ದಿನದಲ್ಲಿ ಇಪ್ಪತ್ತು ಸಲ ಒಗೀಬೇಕು. ನಿಮ್ಮ ಹಾಗೆ ಒಗೆಯೋರು ಯಾರೂ ಗೊತ್ತಿಲ್ಲ ನಂಗೆ."

ಅವರು ಎದ್ದು, ಅರಿಶಿನದ ಡಬ್ಬಿಯನ್ನು ತೆಗೆದು ಗೋಡೆ ಕಪಾಟಿನ ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿಟ್ಟರು. "ಏಳು ದಿನ ಸಾರಿಗೂ ಹಾಕಲ್ಲ. ತಗೊಂಬಾ" ಎಂದರು.

ಮೇ ತಿಂಗಳು. ಲೂ ಬೀಸುತ್ತಿತ್ತು. ಲೂ ಎಂದರೆ ಉತ್ತರದ ಬೇಸಿಗೆಯ ಬಿಸಿಗಾಳಿ, ಒಲೆಯ ಬಾಯಿಗೆ ಮುಖವೊಡ್ಡಿದ ಹಾಗೆ. ಹಿಂದಿನ ವರ್ಷ ಅದಕ್ಕೆ ಹಿಡಿಶಾಪ ಹಾಕಿದ್ದೆ. ಈ ಸಲ ಅದು ನೆಂಟನಂತೆ ನೆರವಿಗೆ ಬಂತು. ದಾವಣಗೆರೆಯಲ್ಲಾದರೆ ಮಧ್ಯಾಹ್ನದವರೆಗೆ ಕಾಯಬೇಕಾದ ಬಟ್ಟೆ ಇಲ್ಲಿ ಹದಿನೈದು ನಿಮಿಷಕ್ಕೆ ಗರಿಗರಿ. ವನಜಕ್ಕ ದಿನಕ್ಕೆ ಮೂರು ಸಲ ಒಗೆದರು. ಬಟ್ಟೆ ಮುಟ್ಟುವ ಮುನ್ನ ಆಸ್ಪತ್ರೆಯ ನರ್ಸಿನಂತೆ ಕೈ ತೊಳೆದುಕೊಂಡರು, ಬೆರಳಲ್ಲಿ ಬಣ್ಣ ಉಳಿದಿದೆಯೇ ಎಂದು ನನಗೆ ತೋರಿಸಿದರು. ಅವರ ಗಂಡ ಏಳೂ ದಿನ ಗೊಣಗದೆ ಬಿಳಿಚಿಕೊಂಡ ಸಾರು ಉಂಡರು. ಕೊನೆಯ ಗೀಟು ಎಳೆದ ದಿನ ಬಟ್ಟೆ ಮಡಿಸಿ ನನ್ನ ಕೈಗೆ ಕೊಡುವಾಗ ಮಾತ್ರ ವನಜಕ್ಕನ ಬಲಗೈ ಕಪಾಟಿನ ಕಡೆಗೆ ಒಂದಿಷ್ಟು ಎದ್ದು ಹಾಗೇ ಇಳಿಯಿತು.

ಪರಿಶೀಲನೆಯ ಬೆಳಿಗ್ಗೆ ಬಟ್ಟಲುಗಳನ್ನು ತೆರೆದೆವು. ಸಾದಾ ಬಟ್ಟೆಯ ಸುತ್ತ ಎಲ್ಲ ಮಬ್ಬು. ಬೇವಿನ ಬಟ್ಟೆಯ ಸುತ್ತ ಉಂಗುರವಿತ್ತು. ಮೊದಲಿನಷ್ಟು ದೊಡ್ಡದಲ್ಲ, ಬಳೆಯಿಂದ ಕಾಲುಂಗುರಕ್ಕೆ ಇಳಿದ ಹಾಗೆ. ಆದರೆ ಅದು ನನ್ನ ಎಳೆಯದೇ ಉಂಗುರ.

ಸಮಿತಿಯ ಮುಂದೆ ಅರಿಶಿನದ ಕಥೆಯನ್ನೂ ಪೂರ್ತಿ ಹೇಳಿದೆ. ಹಿರಿಯರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, "ಹಮಾರೀ ಮಾಂ ಭೀ ಯಹೀ ಕರತೀ ಥೀ" ಎಂದರು, ನಮ್ಮಮ್ಮನೂ ಇದನ್ನೇ ಮಾಡುತ್ತಿದ್ದಳು ಎಂದು. ಭಟ್ನಾಗರ್ ಸರ್ ಮಾತ್ರ ನಗಲಿಲ್ಲ. ಸಾದಾ ಬಟ್ಟೆಯ ಬಟ್ಟಲನ್ನು ತಾವೇ ಎತ್ತಿ ಎಲ್ಲರಿಗೂ ತೋರಿಸಿದರು. ಶಿಷ್ಯವೇತನ ಮುಂದುವರಿಯಿತು. ಬೂತಿನಿಂದ ಅಪ್ಪನಿಗೆ ಎಲ್ಲವನ್ನೂ ಹೇಳಿ, ಉಂಗುರ ಸಣ್ಣದಾಯಿತು ಎಂದೆ. "ಸಣ್ಣದಾದ್ರೇನವ್ವ, ಬೆರಕೆ ಇಲ್ಲಲ್ಲ. ನಾಳೆ ಅವರಿಗೆಲ್ಲ ನಾನೇ ತಿದ್ದಿ ಹೇಳ್ತೀನಿ ಬಿಡು" ಎಂದರು.

ಇದೆಲ್ಲ ಆಗಿ ಐದು ವರ್ಷ. ಈಗ ನಾನು ನೋಯ್ಡಾದಲ್ಲಿ ಬಟ್ಟೆ ತಯಾರಿಸುವ ಒಂದು ಕಂಪನಿಯ ಪ್ರಯೋಗಾಲಯದಲ್ಲಿದ್ದೇನೆ, ಆ ಉಂಗುರವನ್ನು ದೊಡ್ಡದು ಮಾಡುವುದೇ ಈಗಲೂ ಕೆಲಸ. ಒಗೆಯುವವರಿಗೆ ನಾವು ಕೊಡುವ ಸೂಚನೆಗಳ ಹಾಳೆಯಲ್ಲಿ ಕೊನೆಯ ಸಾಲು ನನ್ನದು: ಬಟ್ಟೆಗೆ ಅರಿಶಿನ ತಾಗಿಸಬೇಡಿ. ಹೊಸದಾಗಿ ಸೇರಿದವರೆಲ್ಲ ಆ ಸಾಲನ್ನು ತೋರಿಸಿ "ಯೇ ಕ್ಯೋಂ ಲಿಖಾ ಹೈ?" ಎಂದು, ಹೀಗೇಕೆ ಬರೆದಿದೆ ಎಂದು ಕೇಳುತ್ತಾರೆ. ಈಗ ನನ್ನ ಹಿಂದಿಗೆ ಗಂಡು ಹೆಣ್ಣು ಗೊತ್ತು, ಚೆನ್ನಾಗಿಯೇ ವಿವರಿಸುತ್ತೇನೆ. ದಾವಣಗೆರೆಗೆ ಹೋದಾಗ ಅಂಗಡಿಯಲ್ಲಿ ಬಾಯಿತಪ್ಪಿ "ಭಯ್ಯಾ" ಎಂದು, ಅಂಗಡಿಯವರು "ಯಾವೂರಮ್ಮ ನಿಮ್ದು?" ಎಂದು ಕೇಳಿದ್ದೂ ಇದೆ. ಸ್ವಂತಕ್ಕೆ ಹೊಸ ಸೀರೆ ಕೊಂಡರೆ ಮೂಲೆಗೆ ಅರಿಶಿನ ಹಚ್ಚಿಯೇ ಉಡುತ್ತೇನೆ. ಪ್ರಯೋಗಾಲಯದಲ್ಲಿ ಕೈಗವಸು ಹಾಕಿ ಬರಿಯ ಬಟ್ಟೆಗೆ ಕತ್ತರಿ ಹಾಕುತ್ತೇನೆ.

ವನಜಕ್ಕನ ಗಂಡ ನಿವೃತ್ತರಾಗಿ ಇಬ್ಬರೂ ಹಾಸನಕ್ಕೆ ಮರಳಿದರು. ಇಪ್ಪತ್ತಾರು ವರ್ಷ ದಿಲ್ಲಿಯನ್ನು ಬೈದವರು ಈಗ ಹಾಸನದ ಗೋಧಿ ಹಿಟ್ಟಿಗಿಂತ ದಿಲ್ಲಿಯದೇ ವಾಸಿ ಎಂದು ಫೋನಿನಲ್ಲಿ ಗೊಣಗುತ್ತಾರೆ. ಕಳೆದ ವಾರ ಹೊಸ ಎಳೆಯ ಬಟ್ಟೆ ಮಗ್ಗದಿಂದ ಬಂದ ದಿನ ಅವರೇ ಫೋನ್ ಮಾಡಿದ್ದರು.

"ಕತ್ತರಿ ಹಾಕಿದ್ಯಾ?"

"ಇಲ್ಲ ಅಕ್ಕ, ಈಗ ಹಾಕ್ತಾ ಇದೀನಿ."

"ಬರೀ ಬಟ್ಟೆಗೇನಾ?"

"ಬರೀ ಬಟ್ಟೆಗೇ ಅಕ್ಕ."

ಆ ಕಡೆಯಿಂದ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿತು.

"ಹಾಕು ಹಾಗಾದ್ರೆ. ನಾನು ಇಲ್ಲಿ ನನ್ನ ಸೆರಗಿಗೆ ಹಚ್ಚಿಕೊಂಡಿದೀನಿ."